ನಾಲ್ಕು ಗಂಟೆಯ ನಾಡಿ

ಇದು ನಡೆದದ್ದು ನನ್ನ ಚಿಕ್ಕಮ್ಮನ ಕಿರಿಯ ಮಗಳಿಗೆ. ಅವರಿವರ ಬಾಯಿಂದ ಬಂದದ್ದಲ್ಲ. ಅವಳೇ ಹೇಳಿದಳು, ದೀಪ ಆರಿಸಿದ ಮೇಲೆ, ಮೆಲ್ಲಗೆ. ನಾನು ಒಂದು ಮಾತೂ ಸೇರಿಸುತ್ತಿಲ್ಲ.

ಆಸ್ಪತ್ರೆಯ ಹಿಂದಿನ ಗೇಟಿನಿಂದ ಅವಳ ಅಕ್ಕನ ಮನೆಗೆ ಹನ್ನೆರಡು ನಿಮಿಷದ ದಾರಿ. ಮೊದಲು ಔಷಧಿ ಅಂಗಡಿ. ಆಮೇಲೆ ಮುಚ್ಚಿದ ಗೋದಾಮಿನ ಉದ್ದನೆಯ ಗೋಡೆ. ಗೋಡೆ ಮುಗಿದಲ್ಲಿ ಒಂದು ಬಾವಿ. ನೀರು ಸೇದುವವರು ಯಾರೂ ಇಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ರಾಟೆ ಮಾತ್ರ ಉಳಿದಿದೆ. ಗಾಳಿ ಬೀಸಿದರೆ ಕಿರ್ರ್... ಎನ್ನುತ್ತದೆ.

ಅವತ್ತು ಗಾಳಿ ಇರಲಿಲ್ಲ. ಸಂಜೆಯ ಡ್ಯೂಟಿ ಮುಗಿದಾಗ ರಾತ್ರಿ ಹತ್ತೂ ಕಾಲು. ಗೋಡೆಯುದ್ದಕ್ಕೂ ಅವಳ ಎಡಗಾಲಿನ ಬೂಟು ಕೀಚ್, ಕೀಚ್ ಎನ್ನುತ್ತಿತ್ತು. ಅದೇನೂ ಹೊಸದಲ್ಲ. ಕೆಲಸಕ್ಕೆಂದು ಕೊಂಡ ಬಿಳಿ ಬೂಟು, ಎರಡನೇ ವಾರದಿಂದಲೇ ಎಡಗಡೆಯದು ಹಾಗೆ. ಬಾವಿಯ ಹತ್ತಿರ ಬಂದು ಬೀಗದ ಕೈ ತೆಗೆಯಲು ನಿಂತಳು. ಬ್ಯಾಗಿಗೆ ಕೈ ಹಾಕಿದಳು...

ಕೀಚ್.

ಅವಳು ತನ್ನ ಕಾಲು ನೋಡಿಕೊಂಡಳು. ಎರಡೂ ನೆಲದ ಮೇಲಿದ್ದವು. ಅಲುಗಿರಲಿಲ್ಲ.

ಕೀಚ್... ಬಾವಿಯ ಆಚೆ ಬದಿಯಿಂದ. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ. ಎಡಗಾಲು ಮಾತ್ರ.

ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಓಡಿದರೆ ಅದೂ ಓಡುತ್ತದೆ ಅನಿಸಿತಂತೆ.

ಅಕ್ಕ ಬಾಗಿಲು ತೆಗೆದಳು. ಒಳಗೆ ಕೂಸು ಮಲಗಿತ್ತು, ಹಾಗಾಗಿ ಮಾತೆಲ್ಲ ಪಿಸುಗುಟ್ಟಿಯೇ.

"ಏನೇ, ಮುಖ ಬೆಳ್ಳಗಾಗಿದೆ?"

"ಬಾವಿ ಹತ್ರ ಯಾರೋ ನಡೀತಿದ್ರು."

"ಯಾರು?"

"ಕಾಣ್ಲಿಲ್ಲ... ಅಕ್ಕ, ನನ್ನ ಬೂಟಿನ ಸದ್ದೇ."

"ಗೋಡೆಗೆ ಬಡಿದು ವಾಪಸ್ ಬಂದಿರುತ್ತೆ. ಕೈಕಾಲು ತೊಳ್ಕೊಂಡು ಊಟ ಮಾಡು."

ಅವಳೂ ವಿಜ್ಞಾನ ಓದಿದವಳೇ. ನಿಂತ ಕಾಲಿಗೆ ಪ್ರತಿಧ್ವನಿ ಇರುವುದಿಲ್ಲ ಅಂತ ಗೊತ್ತು. ಆದರೆ ಸುಮ್ಮನಾದಳು. ಸುಮ್ಮನಾಗಲು ಅವಳಿಗೆ ಕಾರಣವಿತ್ತು.

ಆ ಕಾರಣ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನರ್ಸಿಂಗ್ ಮುಗಿಸಿ ಅವಳು ಅಕ್ಕನ ಊರಿಗೆ ಬಂದಳು. ಓದಿದ ಊರಲ್ಲಿ ಕೆಲಸ ಇರಲಿಲ್ಲ. ಇಲ್ಲಿ ಕೆಲಸ ಇತ್ತು, ಆದರೆ ಅವಳ ಕಾಗದಗಳು ಇಲ್ಲಿಯವಲ್ಲ. ನೋಂದಣಿ ಬದಲಾಗಿ ಬರುವುದಕ್ಕೇ ನಾಲ್ಕು ತಿಂಗಳಾಯಿತು. ಆಮೇಲೆ ಒಂದೊಂದೇ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು. ಎಲ್ಲ ಕಡೆ ಒಂದೇ ಪ್ರಶ್ನೆ.

"ಅನುಭವ ಎಷ್ಟಿದೆ?"

"ಇನ್ನೂ ಇಲ್ಲ."

"ಅನುಭವ ಆದ್ಮೇಲೆ ಬನ್ನಿ."

ಭಾವ ಪ್ರತಿ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದರು. "ಇವತ್ತೂ ಅದೇನಾ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಬಾ, ಕಾಫಿ ಕುಡಿ." ನಗಿಸಲೆಂದೇ ಹೇಳುತ್ತಿದ್ದರು. ಅವಳು ನಗುತ್ತಿದ್ದಳು. ರಾತ್ರಿ ಕೂಸಿನ ಬಟ್ಟೆ ಮಡಚುವಾಗ ಮಾತ್ರ, ತಾನು ಈ ಮನೆಯಲ್ಲಿ ಎಷ್ಟು ತಿಂಗಳಿಂದ ಉಣ್ಣುತ್ತಿದ್ದೇನೆ ಅನ್ನುವುದು ನೆನಪಾಗುತ್ತಿತ್ತು.

ಹನ್ನೆರಡನೆಯ ಆಸ್ಪತ್ರೆ ಒಪ್ಪಿತು. ಸಣ್ಣದು, ಎರಡು ಮಹಡಿ. ಮೂರು ತಿಂಗಳು ನೋಡುತ್ತೇವೆ, ಸರಿ ಕಂಡರೆ ಕಾಯಂ ಪತ್ರ ಅಂದರು. ಅವಳನ್ನು ಆರಿಸಿದ್ದು ನರ್ಸುಗಳ ಮೇಲ್ವಿಚಾರಕಿ. ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಅನ್ನುತ್ತಿದ್ದರು. ಸಂದರ್ಶನದಲ್ಲಿ ಕೈ ಮುಂದೆ ಚಾಚಿ, "ನನ್ನ ನಾಡಿ ನೋಡು" ಅಂದಿದ್ದರು. ಬೇರೆಯವರೆಲ್ಲ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದ್ದರಂತೆ. ಇವಳೊಬ್ಬಳು ಗಡಿಯಾರ ನೋಡುತ್ತಾ, ತುಟಿ ಅಲುಗಿಸದೆ, ಪೂರ್ತಿ ಒಂದು ನಿಮಿಷ ಎಣಿಸಿದಳು. ದೊಡ್ಡ ಸಿಸ್ಟರ್ ಮತ್ತೇನೂ ಕೇಳಲಿಲ್ಲ.

ಒಂಬತ್ತನೇ ಬೆಡ್ಡಿನಲ್ಲಿ ಒಬ್ಬ ಮುದುಕರಿದ್ದರು. ಮೂವತ್ತೆಂಟು ವರ್ಷ ರಾತ್ರಿ ಲಾರಿ ಓಡಿಸಿದವರು. ಎಲ್ಲರಿಗೂ ಡ್ರೈವರ್ ತಾತ. ಎದೆಯಲ್ಲಿ ನೀರು ಸೇರಿ ಬಂದಿದ್ದರು, ಈಗ ಗುಣವಾಗುತ್ತಿದ್ದರು. ಎರಡು ಗಂಟೆಗೊಮ್ಮೆ ನಾಡಿ, ಬಿಪಿ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಬೇಕು. ಹತ್ತರ ಕಾಲಂ, ಹನ್ನೆರಡರ ಕಾಲಂ, ಎರಡರದು, ನಾಲ್ಕರದು, ಆರರದು.

ಅವಳು ವಾರ್ಡಿನ ಬಾಗಿಲಿಗೆ ಬರುವ ಮೊದಲೇ ತಾತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು, "ಬಂತು ನೋಡು. ಎಡ ಚಕ್ರ ಗ್ರೀಸ್ ಕೇಳ್ತಿದೆ."

"ನಿಮ್ಮ ಲಾರೀಲಿ ಉಳಿದಿದ್ರೆ ಕೊಡಿ ತಾತ, ಹಾಕ್ಕೋತೀನಿ."

"ಬೇಡ ಬೇಡ. ಸದ್ದು ಮಾಡೋ ಗಾಡಿ ಮೋಸ ಮಾಡಲ್ಲ." ಕೈ ಚಾಚುತ್ತಿದ್ದರು. "ಬೇರೆಯವರು ಹಾರ್ನ್ ಮುಟ್ಟಿದ ಹಾಗೆ ಮುಟ್ಟಿ ಹೋಗ್ತಾರೆ. ನೀನೊಬ್ಬಳೇ ಗಾಡಿ ನಿಲ್ಲಿಸೋದು."

ಮೊದಲ ರಾತ್ರಿಯೇ ತಾತ ಅವಳಿಂದ ಒಂದು ಮಾತು ತೆಗೆದುಕೊಂಡರು. "ಹನ್ನೆರಡು ಗಂಟೆ ಏನೂ ಮಾಡಲ್ಲ ಕಣಮ್ಮ. ಎರಡೂ ಏನೂ ಮಾಡಲ್ಲ. ಕೆಟ್ಟದ್ದು ನಾಲ್ಕು. ಕಣ್ಣು ತೆರೆದೇ ಇರುತ್ತೆ, ಮನುಷ್ಯ ಹೋಗಿರ್ತಾನೆ. ಆಗ ಪಕ್ಕದಲ್ಲಿ ಕ್ಲೀನರ್ ಮಾತಾಡಿಸ್ತಾ ಇರ್ಬೇಕು. ಏನಾದ್ರೂ ಸರಿ. ಮಾತಿಲ್ದಿದ್ರೆ ಒಂದು, ಎರಡು ಅಂತ ಎಣಿಸಿದ್ರೂ ಸರಿ. ಒಂದು ದನಿ ಕೇಳ್ತಾ ಇರ್ಬೇಕು, ಅಷ್ಟೆ."

"ನಾಲ್ಕಕ್ಕೆ ನಾನೇ ಬರ್ತೀನಿ ತಾತ."

"ನೋಡು, ಮಾತು ಕೊಟ್ಟಿದ್ದೀಯ."

ಆರು ರಾತ್ರಿ ಹೋದಳು. ಒಂದು ನಿಮಿಷ ನಾಡಿ, ಎರಡು ನಿಮಿಷ ಮಾತು.

ಏಳನೆಯ ರಾತ್ರಿ ಜೊತೆಯ ನರ್ಸು ಜ್ವರ ಬಂದು ಅರ್ಧಕ್ಕೇ ಮನೆಗೆ ಹೋದಳು. ಹತ್ತೊಂಬತ್ತು ರೋಗಿಗಳು, ಇವಳೊಬ್ಬಳು. ಆ ನರ್ಸು ಮೊದಲ ವಾರವೇ ಒಂದು ಉಪಾಯ ಹೇಳಿಕೊಟ್ಟಿದ್ದಳು. "ಎರಡಕ್ಕೆ ನೋಡು, ನಾಲ್ಕರದ್ದೂ ಆಗಲೇ ಬರೆದುಬಿಡು. ಮಲಗಿದವರನ್ನ ಎಬ್ಬಿಸೋದೂ ತಪ್ಪುತ್ತೆ. ಎಲ್ಲರೂ ಹಾಗೇ ಮಾಡೋದು." ಇವಳು ಮಾಡಿರಲಿಲ್ಲ. ಅವತ್ತು ಮಾಡಿದಳು.

ಎರಡು ಗಂಟೆಗೆ ತಾತನ ಕೈ ಹಿಡಿದು ಹದಿನೈದು ಸೆಕೆಂಡು ಎಣಿಸಿದಳು. ನಾಲ್ಕರಿಂದ ಗುಣಿಸಿದಳು. ಎಂಬತ್ತು. ಪಕ್ಕದ ನಾಲ್ಕರ ಕಾಲಂನಲ್ಲಿ ಎಪ್ಪತ್ತೆಂಟು ಅಂತ ಬರೆದಳು. ಎರಡು ಕಡಿಮೆ ಮಾಡಿದ್ದು ನಿಜದ ಹಾಗೆ ಕಾಣಲಿ ಅಂತ.

"ಇವತ್ತು ಗಾಡಿ ನಿಲ್ಲಿಸ್ಲೇ ಇಲ್ವಲ್ಲ," ಅಂದರು ತಾತ.

"ನಾಲ್ಕಕ್ಕೆ ನಿಲ್ಲಿಸ್ತೀನಿ."

ಎರಡೂವರೆಗೆ ಉಬ್ಬಸದ ರೋಗಿಯೊಬ್ಬರು ಬಂದರು. ಆಕ್ಸಿಜನ್ ಹಾಕುವಷ್ಟರಲ್ಲಿ ಅವಳ ಬೂಟಿನ ಮೇಲೆ ವಾಂತಿಯಾಯಿತು. ಅವರು ತಹಬಂದಿಗೆ ಬಂದಾಗ ಮೂರೂವರೆ. ಬೂಟು ತೊಳೆದು, ಡ್ಯೂಟಿ ರೂಮಿನ ಕಿಟಕಿಯ ಮೇಲೆ ಬೋರಲು ಹಾಕಿದಳು. ಬರಿಗಾಲಲ್ಲಿ ಕುರ್ಚಿಗೆ ಕೂತಳು. ಇನ್ನು ಇಪ್ಪತ್ತು ನಿಮಿಷ ಇದೆ ಅಂದುಕೊಂಡಳು. ಪಕ್ಕದ ವಾರ್ಡಿನಿಂದ ಆಕ್ಸಿಜನ್ ನೀರಿನ ಗುಳು ಗುಳು ಗುಳು... ಮೇಲೆ ಫ್ಯಾನಿನ ಟಕ್... ಟಕ್...

ಕಣ್ಣು ಬಿಟ್ಟಾಗ ಐದೂ ಹತ್ತು.

ಬರಿಗಾಲಲ್ಲೇ ಓಡಿದಳು. ತಾತನ ಕಣ್ಣು ತೆರೆದೇ ಇತ್ತು. ಕೈ ಹೊದಿಕೆಯಿಂದ ಹೊರಗೆ, ಅಂಗೈ ಮೇಲೆ ಮಾಡಿ ಚಾಚಿತ್ತು. ತಣ್ಣಗಿತ್ತು.

ಡಾಕ್ಟರು ಬಂದರು. ಚಾರ್ಟ್ ನೋಡಿದರು. "ನಾಲ್ಕಕ್ಕೆ ಎಪ್ಪತ್ತೆಂಟು... ಚೆನ್ನಾಗೇ ಇದೆ. ಆಮೇಲೆ ಆಗಿದೆ." ಹಾಗೇ ಬರೆದರು.

ದೊಡ್ಡ ಸಿಸ್ಟರ್ ಆರಕ್ಕೇ ಬಂದರು. ಮೊದಲು ಅವಳ ಕಾಲು ನೋಡಿದರು. "ಬರಿಗಾಲಲ್ಲಿ ವಾರ್ಡಿಗೆ ಬರ್ಬಾರ್ದು ಅಂತ ಎಷ್ಟು ಸಲ ಹೇಳ್ಬೇಕು?" ಆಮೇಲೆ ಚಾರ್ಟ್ ತೆಗೆದುಕೊಂಡರು. ಎರಡರ ಕಾಲಂ ಮತ್ತು ನಾಲ್ಕರ ಕಾಲಂ ಮೇಲೆ ಬೆರಳಾಡಿಸಿದರು.

"ನಾಲ್ಕಕ್ಕೆ ನೋಡಿದ್ಯಾ?"

"ನೋಡಿದೆ ಸಿಸ್ಟರ್."

ಅವರು ಚಾರ್ಟ್ ಮುಚ್ಚಿದರು. "ಸರಿ. ಇನ್ನು ಹೆಚ್ಚು ಮಾತಾಡ್ಬೇಡ. ಮೂರು ತಿಂಗಳು ಮುಗೀಲಿ."

ಏಳು ಗಂಟೆಗೆ ತಾತನ ಮಗಳು ಬಂದರು. ನಡುವಯಸ್ಸು ದಾಟಿದವರು. ಅಳಲಿಲ್ಲ. ಇವಳ ಎರಡೂ ಕೈ ಹಿಡಿದುಕೊಂಡು ಕೇಳಿದರು, "ನಾಲ್ಕು ಗಂಟೆಗೆ ನೀವು ಹೋಗಿದ್ರಾ? ಅಪ್ಪ ಅದನ್ನೇ ಕಾಯ್ತಿದ್ರು. ದಿನಾ ಹೇಳೋರು, ನನಗೊಬ್ಬ ಕ್ಲೀನರ್ ಸಿಕ್ಕಿದ್ದಾಳೆ ಅಂತ."

"ಹೂಂ. ಹೋಗಿದ್ದೆ."

"ಕೈ ಹಿಡಿದಿದ್ರಾ?"

"ಹೂಂ."

"ಅಷ್ಟು ಸಾಕು ಬಿಡಿ. ಒಬ್ಬರೇ ಇರ್ಲಿಲ್ವಲ್ಲ."

ಹನ್ನೊಂದು ಆಸ್ಪತ್ರೆ ಬೇಡವೆಂದ ಮೇಲೆ ಸಿಕ್ಕ ಕೆಲಸ ಅದು. ಎರಡು "ಹೂಂ" ಹೇಳಿ ಉಳಿಸಿಕೊಂಡಳು.

ಅದಾದ ಎಂಟನೇ ದಿನ, ಪಾಳಿ ಸಂಜೆಗೆ ಬದಲಾದ ಮೇಲೆ, ಬಾವಿಯ ಹತ್ತಿರ ಆ ಸದ್ದು.

ಮಾರನೇ ರಾತ್ರಿಯೂ ಕೇಳಿತು. ಅದರ ಮಾರನೇ ದಿನ ಅವಳು ಬೂಟನ್ನು ಲಾಕರಿನಲ್ಲಿಟ್ಟು, ಅಕ್ಕನ ರಬ್ಬರ್ ಚಪ್ಪಲಿ ಹಾಕಿಕೊಂಡು ಮನೆಗೆ ಹೊರಟಳು. ಗೋಡೆಯುದ್ದಕ್ಕೂ ಚಪ್ಪಲಿಯ ಪಟ್, ಪಟ್ ಅಷ್ಟೆ. ಬಾವಿ ಬಂತು. ಉಸಿರು ಬಿಗಿಹಿಡಿದು ದಾಟಿದಳು. ನಾಲ್ಕು ಹೆಜ್ಜೆ... ಐದು...

ಕೀಚ್.

ಈ ಸಲ ತಿರುಗಿದಳು.

ಬಾವಿಯ ಆಚೆ ಒಬ್ಬ ಹೆಂಗಸು. ಬಿಳಿ ಯೂನಿಫಾರಂ. ಬೆನ್ನು ಈ ಕಡೆಗೆ. ಅವಳು ಮನೆಯ ಕಡೆಗಲ್ಲ, ಆಸ್ಪತ್ರೆಯ ಕಡೆಗೆ ನಡೆಯುತ್ತಿದ್ದಳು. ಅವಸರವಿಲ್ಲ, ತಡವೂ ಇಲ್ಲ, ಡ್ಯೂಟಿಗೆ ಹೋಗುವವರ ನಡಿಗೆ. ಹೋಗುತ್ತಾ ಒಮ್ಮೆ ಎಡಗೈ ಎತ್ತಿ ಗಡಿಯಾರ ನೋಡಿಕೊಂಡಳು. ಜಡೆಯನ್ನು ಎರಡು ಸುತ್ತು ಸುತ್ತಿ, ಕಪ್ಪು ಪಿನ್ನನ್ನು ಓರೆಯಾಗಿ ಚುಚ್ಚಿದ್ದಳು. ಆ ಪಿನ್ನು ಹಾಗೆ ಓರೆಯಾಗುವುದು ಎಡಗೈಯಲ್ಲಿ ಚುಚ್ಚಿಕೊಂಡರೆ. ನನ್ನ ತಂಗಿ ಎಡಚಿ.

ಜ್ವರ ಬಿಟ್ಟು ಮತ್ತೆ ರಾತ್ರಿ ಡ್ಯೂಟಿಗೆ ಬರುತ್ತಿದ್ದ ಆ ನರ್ಸು ಮರುದಿನ ಕೇಳಿದಳು, "ರಾತ್ರಿ ಯಾಕೆ ವಾಪಸ್ ಬಂದಿದ್ದೆ?"

"ಎಲ್ಲಿಗೆ?"

"ವಾರ್ಡಿಗೇ ಕಣೇ. ಮಾತಾಡಿಸಿದ್ರೂ ತಿರುಗ್ಲಿಲ್ಲ. ಒಂಬತ್ತನೇ ಬೆಡ್ ಹತ್ರ ನಿಂತಿದ್ದೆ. ಖಾಲಿ ಬೆಡ್ ಹತ್ರ ಏನು ಕೆಲಸ?"

"...ಎಷ್ಟು ಗಂಟೆಗೆ?"

"ನಾಲ್ಕಕ್ಕೆ. ನಾನು ಚಾರ್ಟ್ ಬರೀತಿದ್ದೆ, ಅದಕ್ಕೇ ನೆನಪಿದೆ."

ಆಗ ಅವಳಿಗೆ ಒಂದು ವಿಷಯ ಹೊಳೆಯಿತಂತೆ. ಇಷ್ಟು ದಿನ ತಾತ ಬರುತ್ತಾರೆ ಅಂತ ಹೆದರಿದ್ದಳು. ತಾತ ಬರಲೇ ಇಲ್ಲ. ಬರುತ್ತಿದ್ದವಳು ಬೇರೆ. ನಾಲ್ಕರ ಕಾಲಂನಲ್ಲಿ ತಾನು ಬರೆದು ಕಳಿಸಿದವಳು. ನಾಲ್ಕಕ್ಕೆ ನೋಡಿದ್ದಾಳೆ ಅಂತ ಬರೆದಾಗಿದೆ, ಅದಕ್ಕೇ ಹೋಗುತ್ತಿದ್ದಾಳೆ.

ಹೇಳಿಬಿಡಬೇಕು ಅನಿಸಿತು. ಬೆಳಿಗ್ಗೆ ಅನಿಸಿತು, ಸಂಜೆ ಬೇಡ ಅನಿಸಿತು. ಅಕ್ಕ ಕೂಸನ್ನು ತಟ್ಟುತ್ತಾ "ಚಿಕ್ಕಮ್ಮನಿಗೆ ಕೆಲಸ ಕಾಯಂ ಆಗುತ್ತೆ, ನಿನಗೆ ತೊಟ್ಟಿಲು ತರ್ತಾಳೆ" ಅಂದಾಗ ಇನ್ನೂ ಬೇಡ ಅನಿಸಿತು. ಹಾಗೇ ಐದು ವಾರ ಕಳೆಯಿತು. ಪ್ರತಿ ರಾತ್ರಿ ಬಾವಿ. ಪ್ರತಿ ರಾತ್ರಿ ಇವಳು ಮನೆಗೆ, ಅವಳು ಆಸ್ಪತ್ರೆಗೆ.

ಮೂರು ತಿಂಗಳು ತುಂಬಿದ ದಿನ ದೊಡ್ಡ ಸಿಸ್ಟರ್ ಕರೆದು ಕಾಯಂ ಪತ್ರ ಕೊಟ್ಟರು. "ಸಹಿ ಮಾಡಿ ಮಧ್ಯಾಹ್ನ ತಾ." ಪತ್ರ ಹಿಡಿದು ಹೊರಗೆ ಬಂದರೆ ಕೌಂಟರಿನ ಮುಂದೆ ತಾತನ ಮಗಳು. ಯಾವುದೋ ಪ್ರಮಾಣಪತ್ರಕ್ಕೆ ಬಂದಿದ್ದರು. ಇವಳನ್ನು ಕಂಡು ಮುಖ ಅರಳಿತು.

"ನಿಮ್ಮನ್ನೇ ನೋಡ್ಬೇಕು ಅಂತಿದ್ದೆ."

"ನಾನೂ," ಅಂದಳು. ಮೆಟ್ಟಿಲ ಕೆಳಗಿನ ಬೆಂಚಿಗೆ ಕರೆದುಕೊಂಡು ಹೋದಳು. ಕೂರುವ ಮೊದಲೇ ಹೇಳಿಬಿಟ್ಟಳು. ಕೂತರೆ ಹೇಳಲಾರೆ ಅಂತ ಭಯ.

"ಅವತ್ತು ನಾಲ್ಕಕ್ಕೆ ನಾನು ಹೋಗಿರ್ಲಿಲ್ಲ. ಎರಡಕ್ಕೇ ಸುಳ್ಳು ಬರೆದಿಟ್ಟಿದ್ದೆ. ಕೆಲಸ ಇತ್ತು ಅಂತಲೂ ಅಲ್ಲ. ನಿದ್ದೆ ಮಾಡ್ತಿದ್ದೆ."

ಮೇಲೆ ಯಾರೋ ಟ್ರಾಲಿ ತಳ್ಳಿಕೊಂಡು ಹೋದರು, ಗಡ ಗಡ ಗಡ... ಆ ಸದ್ದು ಪೂರ್ತಿ ನಿಂತ ಮೇಲೆ ಆಕೆ ಬ್ಯಾಗಿನಿಂದ ಫೋನ್ ತೆಗೆದರು.

"ಅಪ್ಪನಿಗೆ ಟೈಪ್ ಮಾಡೋಕೆ ಬರ್ತಿರ್ಲಿಲ್ಲ. ಏನಿದ್ರೂ ದನಿ ರೆಕಾರ್ಡ್ ಮಾಡಿ ಕಳಿಸೋರು. ಅವತ್ತು ಬೆಳಗಿನ ಜಾವ ಒಂದು ಬಂದಿತ್ತು. ಕೇಳೋಕೆ ಧೈರ್ಯ ಆಗಿರ್ಲಿಲ್ಲ. ಮೊನ್ನೆ ಕೇಳಿದೆ. ನಿಮಗೆ ಕೇಳಿಸೋಣ ಅಂತಲೇ..."

ಪರದೆಯ ಮೇಲೆ ಸಮಯ ಇತ್ತು. ನಾಲ್ಕು ಗಂಟೆ ಒಂದು ನಿಮಿಷ.

ಆಕೆ ಒತ್ತಿದರು.

ಮೊದಲು ತಾತನ ಉಸಿರು. ಗೊರ್... ಗೊರ್... ಆಮೇಲೆ ದೂರದಿಂದ ಕೀಚ್. ಹತ್ತಿರ, ಕೀಚ್. ಇನ್ನೂ ಹತ್ತಿರ. ತಾತ ನಕ್ಕ ಹಾಗಿತ್ತು. "ಬಂತು ನೋಡು," ಅಂದರು. ಮಂಚದ ಕಂಬಿ ಟಿಣ್ ಎಂದಿತು. ಆಮೇಲೆ ಒಂದು ಹೆಂಗಸಿನ ದನಿ, ಪಿಸುಮಾತಿನಲ್ಲಿ.

"ಒಂದು... ಎರಡು... ಮೂರು..."

ಸೆಕೆಂಡಿಗೆ ಒಂದಕ್ಕಿಂತ ತುಸು ಬೇಗ. ಇಪ್ಪತ್ತರವರೆಗೆ ತಾತನ ಉಸಿರೂ ಕೇಳುತ್ತಿತ್ತು. ನಲವತ್ತರ ಹೊತ್ತಿಗೆ ಒಂದೊಂದೇ. ಐವತ್ತೆರಡರ ನಂತರ ಇಲ್ಲ. ದನಿ ನಿಲ್ಲಲಿಲ್ಲ. ಅದೇ ಲಯ, ಅದೇ ಮೆಲುಪು. ಎಪ್ಪತ್ತಾರು... ಎಪ್ಪತ್ತೇಳು... ಎಪ್ಪತ್ತೆಂಟು.

ಅಲ್ಲಿಗೆ ಮುಗಿಯಿತು.

"ಇದು ನಿಮ್ಮದೇ ದನಿ ಅಲ್ವಾ?" ಅಂದರು ಆಕೆ.

ಹೌದು. ಅವಳದೇ. ಎಂಟು ಅನ್ನುವಾಗ ಮೊದಲಕ್ಷರ ತುಸು ಎಳೆಯುವ ಅಭ್ಯಾಸ ಅವಳಿಗೆ ಚಿಕ್ಕಂದಿನಿಂದ ಇದೆ. ನಾವೆಲ್ಲ ಅಣಕಿಸುತ್ತಿದ್ದೆವು.

ಅವಳು ಸುಮ್ಮನಿರಲಿಲ್ಲ. ಅವತ್ತೇ ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಸಹಿ ಮಾಡದ ಕಾಯಂ ಪತ್ರದ ಜೊತೆ ದೊಡ್ಡ ಸಿಸ್ಟರ್ ಮುಂದಿಟ್ಟಳು. ತಾತನ ಮಗಳೂ ಜೊತೆಗೆ ಬಂದರು, ಆ ರೆಕಾರ್ಡ್ ಮತ್ತೆ ಕೇಳಿಸಿದರು. ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ನೀನು ಹೋಗಿದ್ದೆ ಅನ್ನೋಕೆ ಚಾರ್ಟ್ ಇದೆ, ದನಿ ಇದೆ. ಹೋಗಿಲ್ಲ ಅನ್ನೋಕೆ ಏನಿದೆ?"

"ನಾನಿದ್ದೀನಲ್ಲ ಸಿಸ್ಟರ್."

"ನಿನ್ನ ಮಾತನ್ನ ಯಾರು ನಂಬ್ತಾರೆ?" ಹಾಳೆ ಮಡಚಿ ವಾಪಸ್ ಕೊಟ್ಟರು.

ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು. ತೆಗೆದುಹಾಕಿದ್ದರೆ ಹೋಗುತ್ತಿದ್ದಳು. ಎರಡೂ ಆಗಲಿಲ್ಲ. ತಾತನ ಮಗಳು ಹೊರಡುವಾಗ ಅವಳ ತಲೆ ಸವರಿದರು. ಅದನ್ನು ತಡೆದುಕೊಳ್ಳಲಾಗಲಿಲ್ಲ ಅಂದಳು. ಇವತ್ತಿಗೂ ಅದೇ ಆಸ್ಪತ್ರೆಯಲ್ಲಿದ್ದಾಳೆ. ರಾತ್ರಿ ಡ್ಯೂಟಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ. ನಾಲ್ಕಕ್ಕೆ ಪ್ರತಿ ಬೆಡ್ಡಿಗೂ ಹೋಗುತ್ತಾಳೆ. ಪೂರ್ತಿ ನಿಮಿಷ. ಅವಳು ರಾತ್ರಿ ಡ್ಯೂಟಿಯಲ್ಲಿರುವ ದಿನ ಬಾವಿಯ ಹತ್ತಿರ ಯಾರೂ ಓಡಾಡುವುದಿಲ್ಲ. ರಜೆ ಹಾಕಿದ ದಿನದ ಮಾತು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಭಾವ ಒಂದು ಕಾರಣ ಕೊಟ್ಟರು. "ನಿದ್ದೆಗಣ್ಣಲ್ಲೇ ಎದ್ದು ಹೋಗಿರ್ತೀಯ. ಎಷ್ಟೋ ಜನ ಹಾಗೆ ನಡೀತಾರೆ. ಮಾತು ಕೊಟ್ಟಿದ್ದೆ, ಕಾಲು ಮರೀಲಿಲ್ಲ." ಒಳ್ಳೆಯ ಮಾತು. ಅವಳಿಗೂ ನಂಬುವ ಆಸೆ ಇತ್ತು. ನನಗೂ ಇದೆ.

ಆದರೆ ಆ ರೆಕಾರ್ಡನ್ನು ನಾನೂ ಕೇಳಿದ್ದೇನೆ, ನನ್ನ ಈ ಎರಡು ಕಿವಿಯಿಂದ. ಎಣಿಕೆ ಶುರುವಾಗುವ ಮೊದಲು ಕೀಚ್ ಅನ್ನುವುದು ಮೂರು ಸಲ, ಸ್ಪಷ್ಟವಾಗಿ. ಆ ಹೊತ್ತಿಗೆ ಅವಳ ಬೂಟು ಡ್ಯೂಟಿ ರೂಮಿನ ಕಿಟಕಿಯ ಮೇಲೆ ಬೋರಲು ಬಿದ್ದಿತ್ತು. ಬೆಳಿಗ್ಗೆ ಆರಕ್ಕೆ ದೊಡ್ಡ ಸಿಸ್ಟರ್ ಬಂದಾಗಲೂ ಅಲ್ಲೇ ಇತ್ತು. ಇನ್ನೂ ಒದ್ದೆಯಾಗಿತ್ತು.